ಎಂಟಿಬಿ ಕೊಳ್ಳುವ ಮುಂಚೆ ಕಾಲು ಅಳೆದುಕೊಳ್ಳಿ

ಎಂಟಿಬಿ, ಅಂದರೆ ಬೆಟ್ಟ, ಕಾಡುದಾರಿಗೆ ಮಾಡಿದ ಮೌಂಟನ್ ಬೈಕ್, ಕೊಳ್ಳಲು ಸೈಕಲ್ ಅಂಗಡಿಗೆ ಹೋಗಿ "ನನಗೆ ಯಾವ ಸೈಜ್ ಆಗುತ್ತೆ?" ಅಂತ ಕೇಳಿ ನೋಡಿ. ಬಹಳ ಕಡೆ ಸಿಗುವ ಉತ್ತರ ಇದು: "26 ತಗೊಳ್ಳಿ ಸರ್. ಹೈಟ್ ಇದ್ದೀರಲ್ಲ, 27.5 ಅಥವಾ 29 ಆದ್ರೆ ಇನ್ನೂ ಚೆನ್ನಾಗಿರುತ್ತೆ." ಅವರು ಹೇಳಿದ್ದು ಚಕ್ರದ ಸೈಜ್. ನಿಮಗೆ ಬೇಕಾಗಿದ್ದು ಫ್ರೇಮಿನ ಸೈಜ್. ಎರಡೂ ಬೇರೆ. 29 ಇಂಚಿನ ಚಕ್ರ ಇರುವ ಒಂದೇ ಮಾಡೆಲ್ 15 ಇಂಚಿನ ಫ್ರೇಮಿನಲ್ಲೂ ಸಿಗಬಹುದು, 21 ಇಂಚಿನ ಫ್ರೇಮಿನಲ್ಲೂ ಸಿಗಬಹುದು. ಮೊದಲನೆಯದು ಐದು ಅಡಿ ಮೂರಿಂಚಿನವರಿಗೆ, ಎರಡನೆಯದು ಆರಡಿ ದಾಟಿದವರಿಗೆ.

ಹಿಂದೆ ನಮ್ಮಲ್ಲಿ ಈ ಗೊಂದಲ ಇಷ್ಟು ಇರಲಿಲ್ಲ. ಅಪ್ಪಂದಿರ ಕಾಲದ ಕರಿ ಸೈಕಲ್ಲಿಗೆ "22 ಇಂಚು", "24 ಇಂಚು" ಅಂತಿದ್ದರಲ್ಲ, ಅದು ಫ್ರೇಮಿನ ಅಳತೆ. ಚಕ್ರ ಸಾಮಾನ್ಯವಾಗಿ ಎರಡಕ್ಕೂ 28 ಇಂಚಿನದೇ. ಆ 24 ಇಂಚಿನ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ, ಒಳಪೆಡಲ್ ಹೊಡೆದು ಕಲಿತವರಿಗೆ ಫ್ರೇಮ್ ದೊಡ್ಡದಾದರೆ ಏನಾಗುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ಗೇರ್ ಸೈಕಲ್ ಬಂದ ಮೇಲೆ ಚಕ್ರದ ನಂಬರೇ ಸೈಕಲ್ಲಿನ ನಂಬರ್ ಆಗಿಬಿಟ್ಟಿತು.

ನನ್ನ ಎತ್ತರ 170 ಸೆಂ.ಮೀ. ಅಂದರೆ ಐದು ಅಡಿ ಏಳಿಂಚು. ಮೊದಲ ಎಂಟಿಬಿ ಕೊಳ್ಳಲು ಹೋದಾಗ ಅಂಗಡಿಯಲ್ಲಿ ಇದ್ದದ್ದು 19 ಇಂಚಿನ ಫ್ರೇಮ್ ಒಂದೇ. "ಸೀಟು ಇಳಿಸಿದ್ರೆ ಆಯ್ತು, ಅಡ್ಜಸ್ಟ್ ಆಗುತ್ತೆ" ಅಂದರು. ರಿಯಾಯಿತಿಯೂ ಇತ್ತು. ಕೊಂಡುಬಿಟ್ಟೆ. ರಸ್ತೆಯಲ್ಲಿ ಒಂದು ತಿಂಗಳು ಏನೂ ಅನಿಸಲಿಲ್ಲ. ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಹೋದ ದಿನ ಗೊತ್ತಾಯಿತು. ಒಂದು ಸಣ್ಣ ಏರಿನಲ್ಲಿ ಮುಂದಿನ ಚಕ್ರ ಕಲ್ಲಿಗೆ ಸಿಕ್ಕಿ ನಿಂತಿತು. ಕಾಲು ಕೆಳಗೆ ಹಾಕಿದೆ. ಪಾದಕ್ಕೆ ನೆಲ ಸಿಗುವ ಮೊದಲೇ ತೊಡೆಸಂದಿಗೆ ಬಾರ್ ಬಡಿಯಿತು. ಆ ನೋವು ಒಂದು ದಿನದ್ದು. ಅದಕ್ಕಿಂತ ಜಾಸ್ತಿ ಕಾಡಿದ್ದು ಕೈ. ಒಂದು ಗಂಟೆ ತುಳಿದರೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದವು. ಗ್ಲೌಸ್ ಬದಲಾಯಿಸಿದೆ, ಗ್ರಿಪ್ ಬದಲಾಯಿಸಿದೆ, ಹೋಗಲಿಲ್ಲ. ಎಂಟು ತಿಂಗಳಿಗೆ ಮಾರಿದೆ.

ಸೀಟು, ಹ್ಯಾಂಡಲ್, ಪೆಡಲ್, ಟೈರು ಯಾವುದನ್ನಾದರೂ ಬದಲಾಯಿಸಬಹುದು. ಫ್ರೇಮ್ ಬದಲಾಯಿಸಿದರೆ ಅದು ಬೇರೆ ಸೈಕಲ್ಲೇ. ಅದಕ್ಕೇ ದುಡ್ಡು ಕೊಡುವ ಮುಂಚೆ ಅರ್ಧ ಗಂಟೆ ಇದಕ್ಕೆ ಕೊಡಿ. ಬೇಕಾಗುವುದು ಒಂದು ಟೇಪು, ಗಟ್ಟಿ ರಟ್ಟಿನ ದಪ್ಪ ಪುಸ್ತಕ, ಪೆನ್ಸಿಲ್, ಜೊತೆಗೆ ಮನೆಯವರೊಬ್ಬರು.

1. ಎತ್ತರದಿಂದ ಶುರು ಮಾಡಿ

ಎಂಟಿಬಿ ಫ್ರೇಮಿನ ಸೈಜ್ ಅಂದರೆ ಹಳೇ ಲೆಕ್ಕದಲ್ಲಿ ಸೀಟ್ ಟ್ಯೂಬಿನ, ಅಂದರೆ ಸೀಟಿನ ಕಂಬ (ಸೀಟ್ ಪೋಸ್ಟ್) ತೂರಿಕೊಳ್ಳುವ ಕೊಳವೆಯ, ಉದ್ದ. ಪೆಡಲಿನ ಕ್ರ್ಯಾಂಕ್ ತಿರುಗುವ ಜಾಗಕ್ಕೆ ಮೆಕ್ಯಾನಿಕ್‌ಗಳು ಬಿಬಿ ಅನ್ನುತ್ತಾರೆ. ಆ ಬಿಬಿಯ ನಟ್ಟನಡುವಿನಿಂದ ಸೀಟ್ ಟ್ಯೂಬಿನ ಮೇಲ್ತುದಿಯವರೆಗೆ ಅಳೆದರೆ ಬರುವ ಇಂಚು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು ನಿಮ್ಮ ಎತ್ತರ ಅಳೆಸಿಕೊಳ್ಳಿ. ಕಾಲೇಜಿನಲ್ಲೋ ಇನ್ನೆಲ್ಲೋ ಯಾವತ್ತೋ ಹೇಳಿದ ಅಂದಾಜು ಬೇಡ. ಆಮೇಲೆ ಇದನ್ನು ನೋಡಿ:

147–157 ಸೆಂ.ಮೀ. (4 ಅಡಿ 10 ಇಂಚಿನಿಂದ 5 ಅಡಿ 2 ಇಂಚು): 13–14 ಇಂಚು, ಎಕ್ಸ್‌ಟ್ರಾ ಸ್ಮಾಲ್
157–168 ಸೆಂ.ಮೀ. (5 ಅಡಿ 6 ಇಂಚಿನವರೆಗೆ): 15–16 ಇಂಚು, ಸ್ಮಾಲ್
168–178 ಸೆಂ.ಮೀ. (5 ಅಡಿ 10 ಇಂಚಿನವರೆಗೆ): 17–18 ಇಂಚು, ಮೀಡಿಯಂ
178–185 ಸೆಂ.ಮೀ. (6 ಅಡಿ 1 ಇಂಚಿನವರೆಗೆ): 19–20 ಇಂಚು, ಲಾರ್ಜ್
185 ಸೆಂ.ಮೀ. ಮೇಲೆ: 21–22 ಇಂಚು, ಎಕ್ಸ್‌ಟ್ರಾ ಲಾರ್ಜ್

ಇದು ದಾರಿ ತೋರಿಸುವ ಪಟ್ಟಿ ಅಷ್ಟೇ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದನ್ನು ಪ್ರತಿ ಕಂಪನಿಯೂ ತನ್ನದೇ ಲೆಕ್ಕದಲ್ಲಿ ತೀರ್ಮಾನ ಮಾಡುತ್ತದೆ. ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಮಾಲ್ ಆಗಿರಬಹುದು. ಟ್ರೆಕ್ ಕಂಪನಿಯಲ್ಲಿ ಮೀಡಿಯಂ ಮತ್ತು ಲಾರ್ಜ್ ನಡುವೆ ಎಂ/ಎಲ್ ಅಂತ ಇನ್ನೊಂದು ಸೈಜೇ ಇದೆ. ಸ್ಪೆಷಲೈಸ್ಡ್ ತನ್ನ ಕೆಲವು ಮಾಡೆಲ್‌ಗಳಿಗೆ ಸ್ಮಾಲ್, ಮೀಡಿಯಂ ಬಿಟ್ಟು ಎಸ್1, ಎಸ್2, ಎಸ್3 ಅಂತ ನಂಬರ್ ಕೊಟ್ಟಿದೆ. ಹಾಗಾಗಿ ಈ ಪಟ್ಟಿಯಲ್ಲಿ ನಿಮ್ಮ ಸಾಲು ಹುಡುಕಿ, ಪಕ್ಕಕ್ಕಿಟ್ಟುಕೊಳ್ಳಿ. ಅಂಗಡಿಗೆ ಇದೊಂದನ್ನೇ ನಂಬಿ ಹೋಗಬೇಡಿ.

2. ಒಳಗಾಲು ಅಳೆಯಿರಿ

ಎಲ್ಲಕ್ಕಿಂತ ಮುಖ್ಯ ಅಳತೆ ಇದು. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಒಳಗಾಲು ಅಂದರೆ ತೊಡೆಗಳು ಸೇರುವ ಜಾಗದಿಂದ ನೆಲದವರೆಗಿನ ಉದ್ದ.

ಟೈಲರ್ ಹೊಲಿದ ಪ್ಯಾಂಟಿನ ಒಳ ಅಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪ್ಯಾಂಟು ತೊಡೆಸಂದಿಯಿಂದ ಸ್ವಲ್ಪ ಕೆಳಗೇ ಶುರುವಾಗುತ್ತದೆ, ಪಾದದ ಹತ್ತಿರ ನೆಲ ಮುಟ್ಟುವ ಮೊದಲೇ ಮುಗಿಯುತ್ತದೆ. ಆ ಅಳತೆಗೂ ನಿಜವಾದ ಅಳತೆಗೂ ಎಷ್ಟೋ ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ.

ಹೀಗೆ ಮಾಡಿ. ಒಳಚಡ್ಡಿ ಅಥವಾ ತೆಳು ಶಾರ್ಟ್ಸ್ ಮೇಲೆ, ಬರಿಗಾಲಲ್ಲಿ ಗೋಡೆಗೆ ಬೆನ್ನು ಒರಗಿಸಿ ನಿಲ್ಲಿ. ಹಿಮ್ಮಡಿ ಗೋಡೆಗೆ ತಾಗಿರಲಿ. ಎರಡು ಪಾದಗಳ ನಡುವೆ ಒಂದು ಗೇಣು ಜಾಗ ಇರಲಿ, ಅದಕ್ಕಿಂತ ಜಾಸ್ತಿ ಅಗಲ ಮಾಡಿದರೆ ಅಳತೆ ಕಡಿಮೆ ಬರುತ್ತದೆ. ಪುಸ್ತಕವನ್ನು ಕಾಲುಗಳ ನಡುವೆ ಹಿಡಿದುಕೊಳ್ಳಿ. ಅದರ ಬೆನ್ನು, ಅಂದರೆ ಹಾಳೆಗಳು ಹೊಲಿದಿರುವ ಅಂಚು, ಮೇಲಕ್ಕಿರಲಿ. ಒಂದು ಬದಿ ಗೋಡೆಗೆ ಸರಿಯಾಗಿ ಅಂಟಿಕೊಂಡಿರಲಿ. ಈಗ ಮೇಲಕ್ಕೆ ಎಳೆಯಿರಿ. ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಒತ್ತಬೇಕು. ಸುಮ್ನೆ ತಾಗಿಸಿ ಬಿಟ್ಟರೆ ಒಂದೆರಡು ಸೆಂಟಿಮೀಟರ್ ತಪ್ಪುತ್ತದೆ. ಮೊದಲ ಸಲ ಎಲ್ಲರೂ ಸಂಕೋಚಪಟ್ಟು ಮೆಲ್ಲಗೆ ಒತ್ತುತ್ತಾರೆ.

ಜೊತೆಗಿದ್ದವರು ಪುಸ್ತಕದ ಮೇಲಂಚು ಗೋಡೆಗೆ ತಾಗುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯಲಿ. ನೀವೇ ಬಗ್ಗಿ ನೋಡಲು ಹೋದರೆ ಪುಸ್ತಕ ಓರೆಯಾಗುತ್ತದೆ. ನೆಲದಿಂದ ಆ ಗೆರೆಯವರೆಗೆ ಟೇಪು ಹಿಡಿಯಿರಿ. ಇದನ್ನು ಮೂರು ಸಲ ಮಾಡಿ. ಮೂರೂ ಅರ್ಧ ಸೆಂಟಿಮೀಟರ್ ಒಳಗೆ ಬಂದರೆ ಸರಿ. ಬರದಿದ್ದರೆ ನಾಲ್ಕನೇ ಸಲ ಅಳೆಯಿರಿ. ನಮ್ಮ ಮನೆಯ ಗೋಡೆಯಲ್ಲಿ ಈಗಲೂ 74, 75, 75 ಅಂತ ಮೂರು ಗೆರೆ ಇವೆ. ಮೊದಲನೆಯದು ಆ ಸಂಕೋಚದ್ದು.

3. ಒಂದೇ ಎತ್ತರ, ಬೇರೆ ಕಾಲು

ನನ್ನ ಭಾವನ ಎತ್ತರವೂ 170 ಸೆಂ.ಮೀ. ಪಕ್ಕಪಕ್ಕ ನಿಂತರೆ ತಲೆ ಸಮ. ಆದರೆ ನನ್ನ ಒಳಗಾಲು 75, ಅವರದು 81. ಎತ್ತರ ಒಂದೇ ಆದರೂ ಅವರ ಕಾಲು ಉದ್ದ, ನನ್ನ ಬೆನ್ನು ಉದ್ದ. ಪಟ್ಟಿ ನೋಡಿದರೆ ಇಬ್ಬರಿಗೂ ಒಂದೇ ಮೀಡಿಯಂ. ಈಗ ಲೆಕ್ಕ ಹಾಕೋಣ.

ಎಂಟಿಬಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಸೂತ್ರ: ಒಳಗಾಲಿನ ಸೆಂಟಿಮೀಟರನ್ನು 0.226ರಿಂದ ಗುಣಿಸಿದರೆ ಫ್ರೇಮಿನ ಇಂಚು. ನನಗೆ 75 × 0.226, ಸುಮಾರು 17 ಇಂಚು. ಭಾವನಿಗೆ 81 × 0.226, ಸುಮಾರು 18.3 ಇಂಚು. ನಾನು ಕೊಂಡಿದ್ದು 19 ಅಂತ ನೆನಪಿದೆ ಅಲ್ವಾ? ಎರಡು ಇಂಚು ದೊಡ್ಡದು.

ಸೀಟಿನ ಎತ್ತರಕ್ಕೆ ಇನ್ನೊಂದು ಸೂತ್ರ ಇದೆ. ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಜನಪ್ರಿಯವಾದದ್ದು. ಒಳಗಾಲನ್ನು 0.883ರಿಂದ ಗುಣಿಸಿ. ಬಿಬಿ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟಿರಬೇಕು. ನನಗೆ 66 ಸೆಂ.ಮೀ., ಭಾವನಿಗೆ 71.5. ಇಬ್ಬರ ನಡುವೆ ಐದು ಸೆಂಟಿಮೀಟರಿಗೂ ಜಾಸ್ತಿ. ಒಂದೇ ಸೈಕಲ್ ಇಬ್ಬರೂ ಓಡಿಸಬಹುದು. ಆದರೆ ಸೀಟ್ ಪೋಸ್ಟ್ ಅಷ್ಟು ಎತ್ತಿ ಇಳಿಸಬೇಕು.

0.226ರ ಸೂತ್ರದ ಬಗ್ಗೆ ಒಂದು ಎಚ್ಚರಿಕೆ. ಅದು ಹಳೇ ಆಕಾರದ ಫ್ರೇಮುಗಳಿಗೆ ಹುಟ್ಟಿದ್ದು. ಈಗಿನ ಫ್ರೇಮುಗಳಲ್ಲಿ ಮೇಲಿನ ಬಾರ್ ಹಿಂದಕ್ಕೆ ಇಳಿಜಾರಾಗಿರುತ್ತದೆ, ಸೀಟ್ ಟ್ಯೂಬ್ ಗಿಡ್ಡ ಇರುತ್ತದೆ. 16 ಇಂಚಿನ ಸೀಟ್ ಟ್ಯೂಬ್ ಇರುವ ಸೈಕಲ್ಲಿಗೂ "ಮೀಡಿಯಂ" ಅಂತ ಸ್ಟಿಕರ್ ಹಾಕಿರುತ್ತಾರೆ, ಅದು ತಪ್ಪೂ ಅಲ್ಲ. ಹಾಗಾಗಿ ಸೂತ್ರದ ಉತ್ತರವನ್ನು ಮೇಲಿನ ಮಿತಿ ಅಂದುಕೊಳ್ಳಿ. ಅದಕ್ಕಿಂತ ದೊಡ್ಡದು ಬೇಡ. ಅರ್ಧ ಇಂಚು, ಒಂದು ಇಂಚು ಚಿಕ್ಕದಾದರೆ ಪರವಾಗಿಲ್ಲ, ಫ್ರೇಮಿನ ಉದ್ದ ಸರಿಯಾಗಿದ್ದರೆ.

4. ಉದ್ದವನ್ನೂ ನೋಡಿ

ಕಾಲಿನ ಲೆಕ್ಕ ಮುಗಿಯಿತು. ಈಗ ಬೆನ್ನು ಮತ್ತು ಕೈ. ಸೀಟಿನ ಎತ್ತರವನ್ನು ಒಂದು ಬೋಲ್ಟ್ ಸಡಿಲಿಸಿ ಸರಿ ಮಾಡಬಹುದು. ಫ್ರೇಮಿನ ಉದ್ದವನ್ನು ಹಾಗೆ ಮಾಡಲು ಬರುವುದಿಲ್ಲ. ಅದಕ್ಕೇ ಈಗ ಕಂಪನಿಗಳು ಕೊಡುವ ಅಳತೆಯ ಪಟ್ಟಿಯಲ್ಲಿ ನಾನು ಮೊದಲು ನೋಡುವುದು ರೀಚ್ ಅನ್ನುವ ಸಾಲು.

ಬಿಬಿಯ ನಡುವಿನಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆದಿದ್ದೀರಿ ಅಂದುಕೊಳ್ಳಿ. ಆ ಗೆರೆಯಿಂದ ಹೆಡ್ ಟ್ಯೂಬಿನ ಮೇಲ್ತುದಿಯವರೆಗಿನ ಅಡ್ಡ ದೂರವೇ ರೀಚ್. ಹೆಡ್ ಟ್ಯೂಬ್ ಅಂದರೆ ಮುಂದಿನ ಫೋರ್ಕ್ ಹಾದುಹೋಗುವ ಕೊಳವೆ. ಪೆಡಲ್ ಮೇಲೆ ಎದ್ದು ನಿಂತಾಗ ಹ್ಯಾಂಡಲ್ ನಿಮ್ಮಿಂದ ಎಷ್ಟು ದೂರ ಅನ್ನುವುದನ್ನು ಇದು ಹೇಳುತ್ತದೆ. ಎಂಟಿಬಿಯಲ್ಲಿ ಇಳಿಜಾರು ಬಂದಾಗ ನಾವು ಎದ್ದು ನಿಲ್ಲುತ್ತೇವೆ ತಾನೇ, ಅದಕ್ಕೇ ಇದಕ್ಕೆ ಅಷ್ಟು ಬೆಲೆ. ಸ್ಟಾಕ್ ಅನ್ನುವುದು ಅದೇ ಎರಡು ಬಿಂದುಗಳ ನಡುವಿನ ಎತ್ತರ. ಸ್ಟಾಕ್ ಜಾಸ್ತಿ ಇದ್ದರೆ ಬೆನ್ನು ನೆಟ್ಟಗೆ, ಕಡಿಮೆ ಇದ್ದರೆ ಬಾಗಿ ಕೂರುತ್ತೀರಿ.

ಸೀಟಿನ ಮೇಲೆ ಕೂತಾಗಿನ ಉದ್ದ ತಿಳಿಯಲು ಬೇರೆ ಸಾಲಿದೆ, ಎಫೆಕ್ಟಿವ್ ಟಾಪ್ ಟ್ಯೂಬ್. ಜಾಸ್ತಿ ಹೊತ್ತು ಕೂತೇ ತುಳಿಯುವವರು, ಅಂದರೆ ಹಳ್ಳಿ ರಸ್ತೆ, ಕಾಲುವೆ ದಾರಿ, ನಂದಿಬೆಟ್ಟದ ಟಾರು ರಸ್ತೆ ಅಂತ ಹೋಗುವವರು, ಇದನ್ನೂ ನೋಡಬೇಕು.

ಶುರುವಿಗೆ ಕೊಳ್ಳುವ, ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೈಲ್‌ಗಳಲ್ಲಿ ಮೀಡಿಯಂ ಸೈಜಿಗೆ ರೀಚ್ ಹೆಚ್ಚುಕಮ್ಮಿ 410ರಿಂದ 430 ಮಿ.ಮೀ. ಇರುತ್ತದೆ. ಕಾಡು, ಬೆಟ್ಟದ ಒರಟು ದಾರಿಗೆ ಮಾಡಿದ ಈಗಿನ ಟ್ರೈಲ್ ಸೈಕಲ್‌ಗಳಲ್ಲಿ ಅದೇ ಮೀಡಿಯಂ 450ರ ಆಸುಪಾಸು. ಇಷ್ಟು ವ್ಯತ್ಯಾಸ ಯಾಕೆ? 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದಿಂದ ಇಳಿಸುತ್ತಿದ್ದವರಿಂದ ಈ ಆಟ ಬೆಳೆಯಿತು. ಮುಂದೆ ಕಂಪನಿಗಳು ಎಂಟಿಬಿ ಮಾಡತೊಡಗಿದಾಗ ರಸ್ತೆ ಸೈಕಲ್ಲಿನ ಅಳತೆಗಳು ಬಂದು ಸೇರಿದವು. ಫ್ರೇಮ್ ಗಿಡ್ಡ, ಸ್ಟೆಮ್ ಉದ್ದ. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಆ ತುಂಡೇ ಸ್ಟೆಮ್. ಆಗ ಅದು 100 ಮಿ.ಮೀ. ಇರುವುದೂ ಮಾಮೂಲಿ. ಕಡಿದಾದ ಇಳಿಜಾರಿನಲ್ಲಿ ಮೈಭಾರವೆಲ್ಲ ಮುಂದಿನ ಚಕ್ರದಾಚೆ ಹೋಗಿ ಮುಗ್ಗರಿಸುವ ಹಾಗಾಗುತ್ತಿತ್ತು. ಆ ಮರಿನ್ ಗುಂಪಿನಲ್ಲೇ ಇದ್ದ ಗ್ಯಾರಿ ಫಿಶರ್ ಹೆಸರಿನ ಕಂಪನಿ 1990ರ ದಶಕದ ಕೊನೆಯಲ್ಲಿ ಫ್ರೇಮ್ ಉದ್ದ ಮಾಡಿ ಸ್ಟೆಮ್ ಗಿಡ್ಡ ಮಾಡಿತು. ಈಗ ಟ್ರೈಲ್ ಸೈಕಲ್‌ಗಳಲ್ಲಿ 35ರಿಂದ 50 ಮಿ.ಮೀ. ಸ್ಟೆಮ್ ಸಾಮಾನ್ಯ. ಹಾಗಾಗಿ ಹತ್ತು ಹದಿನೈದು ವರ್ಷದ ಹಿಂದಿನ ಮೀಡಿಯಂ ಬೇರೆ, ಇವತ್ತಿನ ಮೀಡಿಯಂ ಬೇರೆ. ಹಳೇ ಸೈಕಲ್ ಸರಿಯಾಗಿತ್ತು ಅಂತ ಅದೇ ಅಕ್ಷರ ನೋಡಿ ಹೊಸದು ತರಬೇಡಿ.

ನಿಮ್ಮ ಕೈ ಉದ್ದವೋ ಗಿಡ್ಡವೋ ತಿಳಿಯಲು ಸುಲಭ ದಾರಿ ಇದೆ. ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲ ಚಾಚಿ. ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿವರೆಗೆ ಅಳೆಸಿ. ಎತ್ತರಕ್ಕಿಂತ ಅದು ಜಾಸ್ತಿ ಬಂದರೆ ಕೈ ಉದ್ದ, ಕಡಿಮೆ ಬಂದರೆ ಗಿಡ್ಡ. ಈ ನಂಬರನ್ನೂ ಎತ್ತರ, ಒಳಗಾಲಿನ ಜೊತೆ ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

5. ಅಂಗಡಿಯಲ್ಲಿ ಏನು ಮಾಡಬೇಕು

ಸೈಕಲ್ ತುಳಿಯುವಾಗ ಹಾಕುವ ಶೂ ಹಾಕಿಕೊಂಡೇ ಹೋಗಿ. ಚಪ್ಪಲಿಯಲ್ಲಿ ನೋಡಿದ ಅಳತೆ ಅಳತೆಯಲ್ಲ. ಟೈರಿಗೆ ಗಾಳಿ ತುಂಬಿಸಿ ಅಂತ ಕೇಳಿ. ಗಾಳಿ ಇಳಿದ ಟೈರಿನ ಮೇಲೆ ಬಾರ್ ತಗ್ಗಿ ನಿಂತಿರುತ್ತದೆ.

ಮೊದಲು ಬಾರ್ ನೋಡಿ. ಸೀಟಿನ ಮುಂದೆ, ಬಾರ್ ಎರಡೂ ಕಾಲುಗಳ ನಡುವೆ ಬರುವ ಹಾಗೆ ನಿಲ್ಲಿ. ಪಾದ ಪೂರ್ತಿ ನೆಲದ ಮೇಲಿರಲಿ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟು ಹಿಡಿದು ಸೈಕಲನ್ನೇ ಮೇಲಕ್ಕೆ ಎತ್ತಿ. ಬಾರ್ ಮೈಗೆ ತಾಗಿದಾಗ ಟೈರು ನೆಲದಿಂದ ಎಷ್ಟು ಮೇಲಿದೆ ಅಂತ ಜೊತೆಗಿದ್ದವರು ನೋಡಲಿ. ಕನಿಷ್ಠ 5 ಸೆಂ.ಮೀ. ಇರಬೇಕು. ಬಂಡೆ, ಬೇರು, ಕೊರಕಲು ಇರುವ ದಾರಿಯಲ್ಲಿ ಓಡಿಸುವವರಿಗೆ 8ರಿಂದ 10 ಇದ್ದರೆ ಒಳ್ಳೆಯದು. ಅಂಗಡಿಯ ನೆಲ ಸಪಾಟು, ಕಾಡಿನ ನೆಲ ಹಾಗಲ್ಲ. ಕಾಲಿಡುವ ಜಾಗದಲ್ಲೇ ಗುಂಡಿ ಇರಬಹುದು.

ಆಮೇಲೆ ಸೀಟು. ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ ಒಂದು ಅಭ್ಯಾಸವಿದೆ: ಸೀಟಿನ ಮೇಲೆ ಕೂತು ಎರಡೂ ಕಾಲು ನೆಲಕ್ಕೆ ತಾಗಿದರೆ ಸೈಜ್ ಸರಿ, ಇಲ್ಲದಿದ್ದರೆ ದೊಡ್ಡದು. ದಯವಿಟ್ಟು ಹೀಗೆ ಅಳೆಯಬೇಡಿ. ನನ್ನದೇ ಲೆಕ್ಕ ನೋಡಿ. ಬಿಬಿಯಿಂದ ಸೀಟಿಗೆ 66 ಸೆಂ.ಮೀ. ಸೀಟ್ ಟ್ಯೂಬ್ ಹಿಂದಕ್ಕೆ ವಾಲಿರುವುದರಿಂದ ನೇರ ಎತ್ತರ ಸುಮಾರು 63. ಬಿಬಿ ನೆಲದಿಂದ 31 ಸೆಂ.ಮೀ. ಮೇಲಿದೆ. ಒಟ್ಟು 94. ನನ್ನ ಕಾಲು 75. ಸರಿಯಾದ ಎತ್ತರದಲ್ಲಿ ಸೀಟಿದ್ದರೆ ಕೂತಲ್ಲೇ ಪಾದ ಊರಲು ಸಾಧ್ಯವೇ ಇಲ್ಲ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯಬೇಕು. ಎರಡೂ ಕಾಲು ಊರುವಷ್ಟು ಸೀಟು ಇಳಿಸಿಕೊಂಡು ವರ್ಷಗಟ್ಟಲೆ ತುಳಿದವರಿಗೆ ಮಂಡಿಯ ಮುಂಭಾಗ ನೋಯುವುದು ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ. ಮಂಡಿ ಯಾವಾಗಲೂ ಜಾಸ್ತಿ ಮಡಚಿಕೊಂಡೇ ಭಾರ ಹೊರುತ್ತಿರುತ್ತದೆ.

ಸೀಟು ಸರಿ ಮಾಡುವುದು ಹೀಗೆ: ಗೋಡೆ ಹಿಡಿದು ಸೀಟಿನ ಮೇಲೆ ಕೂತುಕೊಳ್ಳಿ. ಒಂದು ಪೆಡಲನ್ನು ಪೂರ್ತಿ ಕೆಳಕ್ಕೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆಗೆ ವಾಲಬಾರದು. ಈಗ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ. ಅಷ್ಟು ಬಾಗಿದರೆ ಸಾಕು. ಸೂತ್ರದ ಉತ್ತರಕ್ಕೂ ಇದಕ್ಕೂ ಒಂದು ಸೆಂಟಿಮೀಟರ್ ಆಚೀಚೆ ಬಂದರೆ ಇದನ್ನೇ ನಂಬಿ.

ಹೀಗೆ ಸೀಟು ನಿಲ್ಲಿಸಿದ ಮೇಲೆ ಸೀಟ್ ಪೋಸ್ಟ್ ಕಡೆ ಕಣ್ಣು ಹಾಯಿಸಿ. ಅದರ ಮೇಲೆ ಅಡ್ಡ ಗೆರೆಗಳ ಗುರುತಿರುತ್ತದೆ, ಇಲ್ಲಿಂದಾಚೆ ಎತ್ತಬಾರದು ಅಂತ. ಆ ಗುರುತು ಹೊರಗೆ ಕಂಡರೆ ಫ್ರೇಮ್ ನಿಮಗೆ ಚಿಕ್ಕದು. ಪೋಸ್ಟ್ ಮುರಿಯಬಹುದು, ಫ್ರೇಮ್ ಸೀಳಬಹುದು. ಪೋಸ್ಟ್ ಹೆಚ್ಚುಕಮ್ಮಿ ಪೂರ್ತಿ ಒಳಗೆ ಹೋಗಿ ನಾಲ್ಕು ಬೆರಳಷ್ಟೂ ಹೊರಗಿಲ್ಲದಿದ್ದರೆ ಫ್ರೇಮ್ ದೊಡ್ಡದು. ನನ್ನ 19 ಇಂಚಿನದರಲ್ಲಿ ಹೀಗೇ ಇತ್ತು. ದಿನವೂ ನೋಡುತ್ತಿದ್ದೆ, ಅರ್ಥ ಆಗಿರಲಿಲ್ಲ.

ಕೊನೆಗೆ ಓಡಿಸಿ. ಅಂಗಡಿ ಮುಂದೆ ಐವತ್ತು ಮೀಟರ್ ಅಲ್ಲ, ಹದಿನೈದು ನಿಮಿಷವಾದರೂ ಬೇಕು. ಕೂತು ತುಳಿಯುವಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಕೈ ಚಾಚಿ ಬಿಗಿಯಾಗಿದ್ದರೆ, ಭಾರವೆಲ್ಲ ಅಂಗೈ ಮೇಲೆ ಬೀಳುತ್ತಿದ್ದರೆ ಉದ್ದ ಜಾಸ್ತಿ. ಎದ್ದು ನಿಂತು ಎರಡೂ ಪೆಡಲ್ ಸಮಕ್ಕೆ ತಂದು ಸ್ವಲ್ಪ ದೂರ ಹೋಗಿ, ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ. ಮಂಡಿಗೆ ಹ್ಯಾಂಡಲ್ ತಾಗಿದರೆ ಚಿಕ್ಕದು. ನಿಧಾನ ಹೋಗುತ್ತಾ ಪೂರ್ತಿ ತಿರುಗಿಸಿದಾಗ ಶೂ ತುದಿ ಮುಂದಿನ ಚಕ್ರಕ್ಕೆ ತಾಗುತ್ತದಾ ನೋಡಿ. ಚಿಕ್ಕ ಫ್ರೇಮಿಗೆ 29ರ ಚಕ್ರ ಹಾಕಿದಾಗ ಕೆಲವೊಮ್ಮೆ ಹೀಗಾಗುತ್ತದೆ. ಅದಕ್ಕೇ ಐದು ಅಡಿ ಎರಡಿಂಚಿಗಿಂತ ಕಡಿಮೆ ಇರುವವರಿಗೆ 27.5 ನೋಡಿ ಅಂತಲೇ ಹೇಳುತ್ತೇನೆ. ಹಲವು ಕಂಪನಿಗಳು ಚಿಕ್ಕ ಸೈಜಿಗೆ ತಾವೇ 27.5 ಹಾಕಿ ಕೊಡುತ್ತವೆ.

ಓಡಿಸಲು ಬಿಡುವುದಿಲ್ಲ ಅಂದರೆ? ಬೇರೆ ಅಂಗಡಿಗೆ ಹೋಗಿ. ಇಷ್ಟು ದುಡ್ಡು ಕೊಡುವಾಗ ಕೇಳುವ ಹಕ್ಕು ನಿಮಗಿದೆ.

ಹೆಂಗಸರಿಗೆ ಒಂದು ಮಾತು. ಅಂಗಡಿಯವರು ನೇರ "ಲೇಡೀಸ್ ಮಾಡೆಲ್" ಕಡೆ ಕರೆದುಕೊಂಡು ಹೋಗುತ್ತಾರೆ. ಬಣ್ಣ, ಸೀಟು ಬಿಟ್ಟರೆ ಅದರಲ್ಲಿ ಬಹಳ ಸಲ ಬೇರೇನೂ ವಿಶೇಷ ಇರುವುದಿಲ್ಲ. ನಿಮ್ಮ ಅಳತೆಗೆ ಕೂಡುವ ಫ್ರೇಮ್ ಯಾವ ಸಾಲಿನಲ್ಲಿದ್ದರೂ ಅದನ್ನೇ ಆರಿಸಿ. ಸೀಟು ಆಮೇಲೆ ಬದಲಾಯಿಸಬಹುದು. ಹ್ಯಾಂಡಲ್ ಭುಜಕ್ಕಿಂತ ತೀರಾ ಅಗಲ ಅನಿಸಿದರೆ ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಕತ್ತರಿಸಿ ನೋಡಬಹುದು.

6. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ

168, 178 ಅಂತ ಗೆರೆಯ ಮೇಲೇ ನಿಂತವರ ಪಾಡು ಇದು. ಬಹಳ ಜನ ಇಲ್ಲೇ ತಪ್ಪು ಮಾಡುತ್ತಾರೆ.

ಬೆನ್ನು ಉದ್ದ, ಚಾಚಿದ ಕೈ ಎತ್ತರಕ್ಕಿಂತ ಜಾಸ್ತಿ ಇದ್ದರೆ ದೊಡ್ಡದನ್ನು ನೋಡಿ. ಆದರೆ ಬಾರ್ ಮೇಲಿನ ಆ 5 ಸೆಂ.ಮೀ. ಜಾಗ ಉಳಿದರೆ ಮಾತ್ರ. ಕಾಲು ಉದ್ದ, ಬೆನ್ನು ಗಿಡ್ಡ ಆದರೆ ಚಿಕ್ಕದನ್ನು ತೆಗೆದುಕೊಂಡು ಸೀಟು ಎತ್ತಿಕೊಳ್ಳಿ. ತಿರುವು, ಬಂಡೆ, ಕಾಡಿನ ಕಾಲುದಾರಿ ಇಷ್ಟಪಡುವವರಿಗೆ ಚಿಕ್ಕದು ಹಗುರವಾಗಿ ತಿರುಗುತ್ತದೆ. ದಿನಕ್ಕೆ 60, 80 ಕಿ.ಮೀ. ಮಣ್ಣು ರಸ್ತೆಯಲ್ಲಿ ಹೋಗುವವರಿಗೆ ದೊಡ್ಡದು ನೆಮ್ಮದಿ, ವೇಗದಲ್ಲಿ ಅಲ್ಲಾಡುವುದಿಲ್ಲ. ಇದೆಲ್ಲ ನೋಡಿದರೂ ತೀರ್ಮಾನ ಆಗದಿದ್ದರೆ ಚಿಕ್ಕದನ್ನೇ ಆರಿಸಿ ಅನ್ನುವುದು ನನ್ನ ಅಭಿಪ್ರಾಯ. ಚಿಕ್ಕ ಫ್ರೇಮಿಗೆ ಸೀಟ್ ಪೋಸ್ಟ್ ಎತ್ತಿ, ಸ್ಟೆಮ್ ಒಂದು ಸೆಂಟಿಮೀಟರ್ ಉದ್ದದ್ದು ಹಾಕಿ ಸರಿ ಮಾಡಬಹುದು. ದೊಡ್ಡ ಫ್ರೇಮಿನ ಬಾರನ್ನು ತಗ್ಗಿಸಲು ದಾರಿಯೇ ಇಲ್ಲ.

ಮಕ್ಕಳ ವಿಷಯದಲ್ಲೂ ಅಷ್ಟೇ. "ಬೆಳೀತಾನೆ ಬಿಡಿ" ಅಂತ ದೊಡ್ಡದು ಕೊಡಿಸುತ್ತೇವೆ, ಮಗು ಎರಡು ವರ್ಷ ಹೆದರಿಕೊಂಡು ಓಡಿಸುತ್ತದೆ. ಮಕ್ಕಳ ಸೈಕಲ್ಲಿಗೆ ಮಾತ್ರ ಚಕ್ರದ ನಂಬರೇ ಸೈಜ್. ಸುಮಾರು 115ರಿಂದ 135 ಸೆಂ.ಮೀ. ಎತ್ತರಕ್ಕೆ 20 ಇಂಚು, 130ರಿಂದ 150ಕ್ಕೆ 24 ಇಂಚು. ಆಮೇಲೆ ಎಕ್ಸ್‌ಟ್ರಾ ಸ್ಮಾಲ್ ಫ್ರೇಮ್. ಕಲಿಯುವ ಮಗುವಿಗೆ ಮಾತ್ರ ಕೂತಲ್ಲೇ ಎರಡೂ ಕಾಲು ಊರುವಂತಿರಲಿ. ಧೈರ್ಯ ಬಂದ ಹಾಗೆ ಸೀಟು ಎತ್ತುತ್ತಾ ಹೋಗಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಸ್ಟಿಕರ್ ಕಿತ್ತುಹೋಗಿರುತ್ತದೆ, ಮಾರುವವರಿಗೂ ಸೈಜ್ ಗೊತ್ತಿರುವುದಿಲ್ಲ. ಟೇಪು ಜೇಬಿನಲ್ಲಿರಲಿ. ಸೀಟ್ ಟ್ಯೂಬನ್ನು ಬಿಬಿ ನಡುವಿನಿಂದ ಅಳೆಯಿರಿ. ರೀಚ್ ಅಳೆಯಲು ಸೈಕಲನ್ನು ನೆಟ್ಟಗೆ ನಿಲ್ಲಿಸಿ ಮುಂದಿನ ಚಕ್ರ ಗೋಡೆಗೆ ತಾಗಿಸಿ. ಗೋಡೆಯಿಂದ ಬಿಬಿ ನಡುವಿಗೆ ಎಷ್ಟು, ಗೋಡೆಯಿಂದ ಹೆಡ್ ಟ್ಯೂಬಿನ ಮೇಲ್ತುದಿಯ ನಡುವಿಗೆ ಎಷ್ಟು, ಎರಡನ್ನೂ ನೆಲಕ್ಕೆ ಸಮನಾಗಿ ಟೇಪು ಹಿಡಿದು ಬರೆದುಕೊಳ್ಳಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ರೀಚ್. ನೆಲದಿಂದ ಅದೇ ಎರಡು ಜಾಗ ಅಳೆದು ಕಳೆದರೆ ಸ್ಟಾಕ್. ಐದು ನಿಮಿಷದ ಕೆಲಸ.

ಮನೆಯಲ್ಲಿರುವ ಸೈಕಲ್ ಸರಿ ಇಲ್ಲ ಅನಿಸುತ್ತಿದ್ದರೆ

ತಕ್ಷಣ ಮಾರಬೇಡಿ. ಮೊದಲು ಸೀಟಿನ ಎತ್ತರ ಸರಿ ಮಾಡಿ, ಒಂದು ವಾರ ತುಳಿಯಿರಿ. ಆಮೇಲೆ ಸೀಟನ್ನು ಹಿಂದೆ ಮುಂದೆ ಮಾಡಿ: ಪೆಡಲ್‌ಗಳನ್ನು ನೆಲಕ್ಕೆ ಸಮ ನಿಲ್ಲಿಸಿ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಟ್ಟರೆ ಅದು ಪೆಡಲಿನ ನಡುವಿನ ಆಸುಪಾಸು ಬೀಳಬೇಕು. ಹ್ಯಾಂಡಲ್ ದೂರ ಅಂತ ಸೀಟನ್ನು ಮುಂದಕ್ಕೆ ತಳ್ಳಬೇಡಿ. ಕೈ ನೋವು ಹೋಗಿ ಮಂಡಿ ನೋವು ಬರುತ್ತದೆ. ದೂರ ಕಡಿಮೆ ಮಾಡುವುದು ಸ್ಟೆಮ್‌ನಿಂದ. 80 ಮಿ.ಮೀ. ಇದ್ದರೆ 60 ಹಾಕಿಸಿ ನೋಡಿ. ಕೊಳ್ಳುವ ಮುಂಚೆ ಸ್ಟೆಮ್ ಹ್ಯಾಂಡಲನ್ನು ಕಚ್ಚಿಹಿಡಿಯುವ ಜಾಗದಲ್ಲಿ ಹ್ಯಾಂಡಲಿನ ದಪ್ಪ ಎಷ್ಟು, 31.8 ಮಿ.ಮೀ. ಅಥವಾ 25.4 ಮಿ.ಮೀ., ನೋಡಿಕೊಳ್ಳಿ. ಸ್ಟೆಮ್ ತೀರಾ ಗಿಡ್ಡ ಮಾಡಿದರೆ ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಜೋಮು, ಭುಜ ನೋವು ಹೋಗದಿದ್ದರೆ, ಬಾರ್ ಮೇಲೆ ಜಾಗವೂ ಇಲ್ಲದಿದ್ದರೆ, ಮಾರಿಬಿಡಿ. ಕೊಳ್ಳಲು ಬಂದವರಿಗೂ ಮೊದಲು ಒಳಗಾಲು ಅಳೆದುಕೊಂಡು ಬನ್ನಿ ಅಂತ ಹೇಳಿ. ನನ್ನ 19 ಇಂಚಿನದನ್ನು ನೋಡಲು ಮೂವರು ಬಂದಿದ್ದರು. ಮೊದಲಿಬ್ಬರು ನನ್ನಷ್ಟೇ ಎತ್ತರ, ನಾನೇ ಬೇಡ ಅಂದೆ. ಮೂರನೆಯವರು ಆರಡಿ, ಒಳಗಾಲು 86. ಸೀಟ್ ಪೋಸ್ಟನ್ನು ಒಂದು ಗೇಣು ಮೇಲೆತ್ತಿ, ಕ್ಲ್ಯಾಂಪ್ ಬಿಗಿದು, ಬೀದಿಯ ಕೊನೆಯವರೆಗೆ ಹೋಗಿ ಬಂದರು. ಮೊಣಕೈ ಹಾಯಾಗಿ ಬಾಗಿತ್ತು.